ಬದುವಿನ ಭೂತಾಳೆಗೆ ದಂಡು ಎದ್ದಿದೆ, ಕಡಿದರೆ ಗಿಡ ಉಳಿಯುತ್ತಾ?

ಕೆಂಪುಮಣ್ಣು

ಚಿತ್ರದುರ್ಗ ಜಿಲ್ಲೆ, ಮಳೆ ನಂಬಿದ ಹೊಲ. ಬದುವಿನುದ್ದಕ್ಕೂ ಭೂತಾಳೆ ಸಾಲಿದೆ. ಅದರಲ್ಲಿ ಒಂದು ಭಾರಿ ಗಿಡದ ನಡುವಿನಿಂದ ದಂಡು ಎದ್ದಿದೆ. ಬುಡದಲ್ಲಿ ತೊಡೆ ದಪ್ಪ, ಎತ್ತರ ಹತ್ತಡಿ ದಾಟಿದೆ, ಕವಲು ಇನ್ನೂ ಬಿಟ್ಟಿಲ್ಲ. ಎಲೆಗಳು ಬೂದುನೀಲಿ, ಐದಡಿ ಉದ್ದ, ಅಂಚಿಗೆಲ್ಲ ಕೊಕ್ಕೆಮುಳ್ಳು, ತುದಿಗೆ ಒಂದೂವರೆ ಇಂಚಿನ ಕಪ್ಪುಮುಳ್ಳು. ಬುಡದ ಸುತ್ತ ಏಳೆಂಟು ಮರಿಗಳಿವೆ. ಇಪ್ಪತ್ತಡಿ ದೂರದಲ್ಲಿ ಪಂಪ್‌ಸೆಟ್‌ಗೆ ಹೋಗುವ ಕರೆಂಟ್ ತಂತಿ.

ಹೂ ಬಿಟ್ಟ ಮೇಲೆ ಗಿಡ ಸಾಯುತ್ತೆ ಅಂತಾರೆ. ಈಗಲೇ ದಂಡು ಕಡಿದರೆ ಉಳಿಯುತ್ತಾ? ಉಳಿಯಲ್ಲ ಅಂದರೆ ಎಲೆಯಿಂದ ನಾರು ತೆಗೆಯಬಹುದಾ, ಎಷ್ಟು ಸಿಗುತ್ತೆ? ಮರಿಗಳನ್ನು ಬೇರೆ ಬದುವಿಗೆ ಹಾಕುವ ಕ್ರಮ ಹೇಗೆ? ಇನ್ನೊಂದು, ಮೆಕ್ಸಿಕೋದಲ್ಲಿ ಇದೇ ಗಿಡದಿಂದ ದಿನಕ್ಕೆ ಲೀಟರುಗಟ್ಟಲೆ ಸಿಹಿನೀರು ಇಳಿಸ್ತಾರಂತೆ. ನಿಜವಾ?

ಎಲೆಗುರುತು

ನೀವು ಹೇಳಿದ ಗುರುತು ನೋಡಿದರೆ ಅದು ಅಗಾವೆ ಅಮೆರಿಕಾನಾ. ಮೂಲ ಮೆಕ್ಸಿಕೋ ಮತ್ತು ಅದಕ್ಕೆ ಹೊಂದಿಕೊಂಡ ಟೆಕ್ಸಾಸ್ ಕಡೆಯ ಒಣನೆಲ. ನಮ್ಮಲ್ಲಿಗೆ ಬೇಲಿಗಿಡವಾಗಿ ಬಂದು ಬಯಲುಸೀಮೆಯ ಬದು, ರೈಲುದಾರಿಗಳ ಪಕ್ಕದಲ್ಲೆಲ್ಲ ನೆಲೆ ನಿಂತಿದೆ. ಆಕಾರ ನೋಡಿ ಇದನ್ನು ಕಳ್ಳಿ ಅಥವಾ ಲೋಳೆಸರದ ಜಾತಿಗೆ ಸೇರಿಸುವುದುಂಟು. ಇದು ಎರಡೂ ಅಲ್ಲ, ಶತಾವರಿಯ ಕುಟುಂಬದ್ದು.

ಮೊದಲ ಪ್ರಶ್ನೆಗೆ ನೇರ ಉತ್ತರ: ಕಡಿದರೂ ಉಳಿಯುವುದಿಲ್ಲ. ಎಲೆಗಳನ್ನು ಒಂದೊಂದಾಗಿ ಹೊರಹಾಕುತ್ತಿದ್ದ ನಡುಕುಡಿಯೇ ಈಗ ದಂಡಾಗಿ ಮಾರ್ಪಟ್ಟಿದೆ. ಆ ಬುಡದಲ್ಲಿ ಇನ್ನು ಹೊಸ ಎಲೆ ಹುಟ್ಟಿಸುವ ಕುಡಿ ಇಲ್ಲ. ಬಾಳೆ ಗೊನೆ ಹಾಕಿದ ಮೇಲೆ ತಾಯಿಗಿಡ ಹೋಗಿ ಕಂದುಗಳು ಮುಂದುವರಿಯುವಂತೆಯೇ ಇದೂ. ದಂಡು ಕಡಿದರೆ ಆಗುವುದು ಇಷ್ಟೇ: ಹೂವಿಗೆ, ಕಾಯಿಗೆ ಹೋಗಬೇಕಿದ್ದ ನೀರು, ಸಕ್ಕರೆ ಎಲೆಗಳಲ್ಲಿ ಉಳಿದು ಸಾವು ನಿಧಾನವಾಗುತ್ತದೆ. ಬಿಟ್ಟರೆ ಕಾಯಿ ಬಲಿಯುವ ಹೊತ್ತಿಗೆ ಎಲೆಗಳು ಸುಕ್ಕಿ, ಹಳದಿಯಾಗಿ, ಬುಡಕ್ಕೆ ಜೋತು ಬೀಳುತ್ತವೆ.

ಇಂಗ್ಲಿಷ್‌ನಲ್ಲಿ ಇದಕ್ಕೆ ನೂರು ವರ್ಷದ ಗಿಡ ಅನ್ನುವ ಹೆಸರಿದೆ, ಅದನ್ನು ನಂಬಬೇಡಿ. ಸಾಮಾನ್ಯವಾಗಿ 10ರಿಂದ 30 ವರ್ಷದೊಳಗೆ ಹೂ ಬರುತ್ತದೆ. ಅಷ್ಟೂ ಕಾಲ ಗಿಡ ಕೂಡಿಡುವುದು ಪಿಷ್ಟವನ್ನಲ್ಲ, ಫ್ರಕ್ಟಾನ್ ಎಂಬ ಸಕ್ಕರೆಸರಪಳಿಯನ್ನು. ದಂಡು ಏಳುವಾಗ ಆ ಸರಪಳಿ ಒಡೆದು ಸಕ್ಕರೆಯಾಗಿ ಮೇಲಕ್ಕೆ ಹರಿಯುತ್ತದೆ. ಬಿರುಸಿನ ದಿನಗಳಲ್ಲಿ ದಂಡು ದಿನಕ್ಕೆ 10 ಸೆಂ.ಮೀ.ಗಿಂತ ಹೆಚ್ಚು ಬೆಳೆಯುವುದು ಈ ಗಂಟಿನ ಬಲದಿಂದ. ಆಗ ಬೇರು ಹೀರುವ ನೀರಿಗಿಂತ ಎಲೆಯ ದಾಸ್ತಾನೇ ಮುಖ್ಯ. ಒಟ್ಟು ಎತ್ತರ 8–9 ಮೀಟರ್ ಮುಟ್ಟಬಹುದು. ನಿಮ್ಮದು ಇನ್ನೂ ಅರ್ಧ ದಾರಿಗೂ ಬಂದಿಲ್ಲ, ತಂತಿಯ ಲೆಕ್ಕ ಹಾಕುವಾಗ ಇದು ನೆನಪಿರಲಿ.

ನೀರಿಲ್ಲದೆ ಬದುಕುವ ಗುಟ್ಟು ರಾತ್ರಿ ಉಸಿರಾಟದಲ್ಲಿದೆ. ಶೇಂಗಾ, ತೊಗರಿ ಎಲೆಗಳು ಹಗಲು ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ, ಜೊತೆಗೆ ನೀರೂ ಆವಿಯಾಗಿ ಹೋಗುತ್ತದೆ. ಭೂತಾಳೆ ರಂಧ್ರ ತೆರೆಯುವುದು ತಂಪಾದ ರಾತ್ರಿಯಲ್ಲಿ. ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಜೀವಕೋಶದ ಚೀಲಗಳಲ್ಲಿ ಇಟ್ಟುಕೊಂಡು, ಬೆಳಿಗ್ಗೆ ರಂಧ್ರ ಮುಚ್ಚಿದ ಮೇಲೆ ಬಿಸಿಲಿನಲ್ಲಿ ಬಿಡಿಸಿ ಸಕ್ಕರೆ ಮಾಡುತ್ತದೆ. ಅನಾನಸೂ ಇದೇ ದಾರಿಯದ್ದು. ಪರೀಕ್ಷೆ ಬೇಕಿದ್ದರೆ ಕೈಗವಸು ಹಾಕಿ, ಒಂದೇ ಎಲೆಯ ಚಿಕ್ಕ ತುಂಡನ್ನು ಸೂರ್ಯ ಹುಟ್ಟುವ ಮೊದಲು, ಇನ್ನೊಂದನ್ನು ಸಂಜೆ ಜಜ್ಜಿ ಪಿಎಚ್ ಕಾಗದಕ್ಕೆ ತಾಗಿಸಿ. ಬೆಳಗಿನ ರಸ ಎದ್ದು ಕಾಣುವಷ್ಟು ಹುಳಿ ತೋರಿಸುತ್ತದೆ. ನಾಲಿಗೆಗೆ ಮಾತ್ರ ಹಚ್ಚಬೇಡಿ.

ಗರಗಸ_ಗುದ್ದಲಿ

ತಂತಿ ಇಪ್ಪತ್ತಡಿ ದೂರ, ದಂಡು ಮೂವತ್ತಡಿ ಹತ್ತಿರ ಹೋಗುವಂಥದ್ದು. ಹಾಗಾಗಿ ಉಳಿಯುತ್ತಾ ಇಲ್ಲವಾ ಅನ್ನೋದು ಆಮೇಲಿನ ಮಾತು. ಬೀಳುವ ದಿಕ್ಕಿನಲ್ಲಿ ತಂತಿ ಸಿಗೋ ಹಾಗಿದ್ದರೆ ಈಗಲೇ, ಹತ್ತಡಿ ಇರುವಾಗಲೇ ಇಳಿಸಿ. ಕವಲು ಬಿಟ್ಟು ಹೂ ತುಂಬಿದ ಮೇಲೆ ತೂಕವೆಲ್ಲ ತಲೆಗೆ ಹೋಗುತ್ತೆ, ಗಾಳಿ ಹೊಡೆದರೆ ಯಾವ ಕಡೆ ಬೀಳುತ್ತೋ ಹೇಳೋಕಾಗಲ್ಲ. ತಂತಿಗೆ ತಾಗುವ ಸಾಧ್ಯತೆ ಸ್ವಲ್ಪ ಇದ್ದರೂ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸದೆ ಕೈ ಹಾಕಬೇಡಿ. ಹಸಿ ದಂಡಿನ ತುಂಬ ನೀರು, ಕರೆಂಟ್ ಸಲೀಸಾಗಿ ಹರಿಯುತ್ತೆ.

ಕೆಲಸದ ಕ್ರಮ ಹೀಗೆ. ಮೊದಲು ಕೊಂಬೆ ಕತ್ತರಿಸುವ ಉದ್ದ ಹಿಡಿಯ ಕತ್ತರಿಯಿಂದ ಸುತ್ತಲಿನ ಎಲ್ಲ ಎಲೆಗಳ ತುದಿಮುಳ್ಳನ್ನು ಎರಡಿಂಚು ಸೇರಿಸಿ ತೆಗೆಯಿರಿ. ಇದನ್ನು ಬಿಟ್ಟು ನೇರ ದಂಡಿಗೆ ಹೋಗುವವರೇ ಹೆಚ್ಚು, ಬಗ್ಗಿದಾಗ ಕಣ್ಣಿಗೆ ಚುಚ್ಚಿಕೊಳ್ಳುವವರೂ ಅವರೇ. ಆಮೇಲೆ ಕೆಲಸ ಮಾಡುವ ಕಡೆಯ ನಾಲ್ಕೈದು ಎಲೆಗಳನ್ನು ಬುಡದಲ್ಲಿ ಕೊಯ್ದು ದಾರಿ ಮಾಡಿಕೊಳ್ಳಿ. ಉದ್ದ ಬಿದಿರಿನ ತುದಿಯಿಂದ ದಂಡಿನ ಮುಕ್ಕಾಲು ಎತ್ತರಕ್ಕೆ ಹಗ್ಗದ ಕುಣಿಕೆ ಏರಿಸಿ ಬಿಗಿಮಾಡಿ. ಹಗ್ಗದ ಉದ್ದ ದಂಡಿನ ಎರಡರಷ್ಟು ಇರಲಿ, ಎಳೆಯೋರು ದಂಡು ಬೀಳುವ ಅಳತೆಯಿಂದ ಆಚೆ ನಿಲ್ಲಬೇಕು. ಬೀಳಬೇಕಾದ ಕಡೆಗೆ ದಪ್ಪದ ಮೂರರಲ್ಲೊಂದು ಪಾಲು ಆಳಕ್ಕೆ ಕಚ್ಚು ಹಾಕಿ, ಎದುರು ಬದಿಯಿಂದ ಸ್ವಲ್ಪ ಮೇಲೆ ಕೊಯ್ಯಿರಿ. ಪೂರ್ತಿ ಕೊಯ್ಯದೆ ಎರಡು ಬೆರಳು ದಪ್ಪ ಉಳಿಸಿ ಎಳೆದರೆ ಬಾಗಿ ಬೀಳುತ್ತೆ. ಏಣಿ ಹಾಕಬೇಡಿ. ಮುಳ್ಳಿನ ನಡುವೆ ಏಣಿ ಜಾರಿದರೆ ಇಳಿಯೋಕೆ ಜಾಗ ಇರಲ್ಲ.

ಕೈಗರಗಸ ಸಾಕು. ಹಸಿ ದಂಡು ಮೂಲಂಗಿ ಥರ ಮೆತ್ತಗೆ.

ಹೊಸಬ77

ಕೈಗರಗಸ ಯಾಕೆ ಸರ್, ಬ್ರಷ್ ಕಟರ್ ಇದ್ದರೆ ಅರ್ಧ ಗಂಟೆಯಲ್ಲಿ ಎಲೆ, ದಂಡು ಎಲ್ಲ ಚೊಕ್ಕ ಆಗಲ್ವಾ?

ಗರಗಸ_ಗುದ್ದಲಿ

ಬೇಡವೇ ಬೇಡ. ಬ್ರಷ್ ಕಟರ್, ಚೈನ್ ಸಾ ಎರಡೂ ರಸವನ್ನು ತುಂತುರು ಮಾಡಿ ಮೈಮೇಲೆ ಚಿಮ್ಮಿಸುತ್ತವೆ. ಭೂತಾಳೆಯಿಂದ ಚರ್ಮ ಕೆಟ್ಟ ಪ್ರಕರಣಗಳಲ್ಲಿ ವೈದ್ಯರು ಮತ್ತೆ ಮತ್ತೆ ಬರೆದಿರೋದು ಇದೇ ಮೆಷಿನ್‌ಗಳ ಬಗ್ಗೆ. ಮಚ್ಚು ಬೀಸಿದರೂ ರಸ ಹಾರುತ್ತೆ, ಆದರೆ ಕಡಿಮೆ. ಗರಗಸದಲ್ಲಿ ಸೋರುತ್ತೆ ಅಷ್ಟೆ.

ಚರ್ಮದ_ಮಾತು

ಕಾರಣವನ್ನೂ ಸೇರಿಸುತ್ತೇನೆ. ಎಲೆಯ ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿ ಹರಳುಗಳಿವೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ರಸ ಚರ್ಮಕ್ಕೆ ತಾಗಿದಾಗ ಇವು ಒಳಗೆ ಚುಚ್ಚಿಕೊಳ್ಳುತ್ತವೆ, ಜೊತೆಗಿರುವ ಸಪೋನಿನ್‌ಗಳು ಉರಿ ಏರಿಸುತ್ತವೆ. ಕೆಸುವಿನ ಗಡ್ಡೆ ಹೆಚ್ಚುವಾಗ ಕೈ ತುರಿಸುವುದೂ ಇದೇ ಹರಳುಗಳಿಂದ, ಇಲ್ಲಿ ಪ್ರಮಾಣ ಮಾತ್ರ ಬೇರೆ. ಕೆಂಪುದದ್ದು, ಸಣ್ಣ ಗುಳ್ಳೆ, ಕೆಲವರಲ್ಲಿ ಚರ್ಮದಡಿ ರಕ್ತ ಒಸರಿದಂಥ ನೇರಳೆ ಚುಕ್ಕೆಗಳು ಬರುತ್ತವೆ. ಇದು ಅಲರ್ಜಿ ಅಲ್ಲ, ಹಾಗಾಗಿ ತಮಗೆ ಅಲರ್ಜಿ ಇಲ್ಲ ಅನ್ನುವವರಿಗೂ ಬರುತ್ತದೆ.

ತಾಗಿದರೆ ಉಜ್ಜಬೇಡಿ, ಉಜ್ಜಿದಷ್ಟೂ ಹರಳು ಒಳಗಿಳಿಯುತ್ತವೆ. ಹರಿಯುವ ನೀರು ಧಾರಾಳ ಬಿಟ್ಟು, ಆಮೇಲೆ ಸೋಪು. ರಸ ಹೀರಿದ ಅಂಗಿಯನ್ನು ಅಲ್ಲೇ ಬದಲಿಸಿ, ಬೇರೆ ಬಟ್ಟೆಯ ಜೊತೆ ನೆನೆಹಾಕಬೇಡಿ. ಕಣ್ಣಿಗೆ ಹಾರಿದರೆ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರ ಹತ್ತಿರ ಹೋಗಿ. ತುದಿಮುಳ್ಳು ಬೆರಳಗಂಟು ಅಥವಾ ಮೊಣಕಾಲಿನ ಹತ್ತಿರ ನೆಟ್ಟು ಮುರಿದರೆ ಮನೆಯಲ್ಲಿ ಕೆದಕಬೇಡಿ. ಮುಳ್ಳಿನ ಚೂರು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸ್ಕ್ಯಾನಿಂಗ್‌ನಲ್ಲಿ ಸಿಗುತ್ತದೆ. ಒಳಗುಳಿದರೆ ಕೀಲು ವಾರಗಟ್ಟಲೆ ಊದಿಕೊಂಡಿರುತ್ತದೆ.

ಉದ್ದ ತೋಳಿನ ದಪ್ಪ ಅಂಗಿ, ಚರ್ಮದ ಕೈಗವಸು, ಕನ್ನಡಕ. ತೆಳು ರಬ್ಬರ್ ಗವಸನ್ನು ಅಂಚಿನ ಮುಳ್ಳು ಮೊದಲ ಎಳೆತದಲ್ಲೇ ಹರಿಯುತ್ತದೆ.

ನಾರುನೂಲು

ನಾರಿನ ವಿಷಯ. ತೆಗೆಯಬಹುದು, ಆದರೆ ಬೇಗ. ದಂಡು ಎದ್ದ ಗಿಡದ ಎಲೆ ದಿನ ಕಳೆದಂತೆ ನೀರು ಕಳಕೊಂಡು ಸುಕ್ಕುತ್ತೆ. ಸುಕ್ಕಿದ ಎಲೆಯಲ್ಲಿ ತಿರುಳು ನಾರಿಗೆ ಅಂಟಿ ಕೂರುತ್ತೆ, ಎಷ್ಟು ಹೆರೆದರೂ ಬಿಡಲ್ಲ. ಕೆಳಸುತ್ತಿನ ಬಲಿತ ಎಲೆಗಳನ್ನು ಆರಿಸಿ: ನೆಲದ ಕಡೆ ವಾಲಿದ್ದು, ಇನ್ನೂ ಗಟ್ಟಿಯಾಗಿ ನೀರು ತುಂಬಿದ್ದು. ತುದಿ ಒಣಗಿದ್ದನ್ನೂ ದಂಡಿಗೆ ಅಪ್ಪಿಕೊಂಡಿರುವ ಎಳೆಯದನ್ನೂ ಬಿಡಿ. ಎಳೆಯದರಲ್ಲಿ ನಾರು ಉದ್ದ ಇದ್ದರೂ ತಾಕತ್ತಿಲ್ಲ.

ಇಳುವರಿ ಬಗ್ಗೆ ದೊಡ್ಡ ಆಸೆ ಬೇಡ. ನಾರಿಗಾಗಿಯೇ ಬೆಳೆಯುವ ಸೈಸಲ್ ಕತ್ತಾಳೆಯಲ್ಲೇ 100 ಕಿಲೋ ಹಸಿ ಎಲೆಗೆ ಒಣ ನಾರು 3–4 ಕಿಲೋ. ಭೂತಾಳೆಯ ಎಲೆಯಲ್ಲಿ ತಿರುಳು ಇನ್ನೂ ದಪ್ಪ, ಅದಕ್ಕಿಂತ ಹೆಚ್ಚು ಲೆಕ್ಕ ಹಾಕಬೇಡಿ. ಒಂದು ಗಿಡ ಅಂದರೆ ನಾಲ್ಕಾರು ಹಗ್ಗಕ್ಕಾಗುವಷ್ಟು, ಮಾರುವಷ್ಟಲ್ಲ.

ಕೈಯಲ್ಲಿ ತೆಗೆಯೋದಾದರೆ ಅಂಚಿನ ಮುಳ್ಳುಪಟ್ಟಿಯನ್ನು ಎರಡೂ ಕಡೆ ಉದ್ದಕ್ಕೆ ಸೀಳಿ ಬಿಸಾಡಿ. ಎಲೆಯನ್ನು ಮೂರು ಬೆರಳು ಅಗಲದ ಪಟ್ಟಿ ಮಾಡಿ. ಬುಡದ ಕಡೆ ದಪ್ಪ ಇರುತ್ತೆ, ಅಲ್ಲಿ ಮರದ ಕೊಡತಿಯಿಂದ ಚೆನ್ನಾಗಿ ಜಜ್ಜಿ, ಕಲ್ಲಿನಲ್ಲಿ ಜಜ್ಜಿದರೆ ನಾರು ತುಂಡಾಗುತ್ತೆ. ಇಳಿಜಾರಾಗಿ ಒರಗಿಸಿದ ಹಲಗೆ ಮೇಲೆ ಪಟ್ಟಿ ಇಟ್ಟು, ಮೊಂಡು ಅಂಚಿನ ಕಬ್ಬಿಣದ ಪಟ್ಟಿಯಿಂದ ನಡುವಿನಿಂದ ತುದಿಗೆ ಹೆರೆಯಿರಿ. ತಿರುಗಿಸಿ ಹಿಡಿದು ಇನ್ನರ್ಧ ಹೆರೆಯಿರಿ. ಚಾಕು ಚೂಪಾಗಿದ್ದರೆ ನಾರೇ ಕೊಯ್ದುಹೋಗುತ್ತೆ, ಅದಕ್ಕೇ ಮೊಂಡು. ಹೆರೆದ ದಿನವೇ ತೊಳೆಯಬೇಕು. ಮಾರನೇ ದಿನಕ್ಕೆ ಇಟ್ಟರೆ ರಸ ಒಣಗಿ ಅಂಟಾಗಿ ಹಸಿರುಕಂದು ಕಲೆ ಉಳಿಯುತ್ತೆ, ಆಮೇಲೆ ಎಷ್ಟು ಬಿಸಿಲಿಗೆ ಹಾಕಿದರೂ ಬಿಳಿ ಬರಲ್ಲ. ತೊಳೆದು ತಂತಿ ಮೇಲೆ ತೆಳ್ಳಗೆ ಹರವಿದರೆ ಒಳ್ಳೆ ಬಿಸಿಲಿಗೆ ಒಂದೆರಡು ದಿನದಲ್ಲಿ ಒಣಗುತ್ತೆ.

ಹಗ್ಗ ಹೊಸೆದ ಮೇಲೆ ಒಂದು ಮಾತು: ಸದಾ ಒದ್ದೆ ಇರುವ ಕಡೆ, ಬಾವಿ ನೀರು ಸೇದೋದಕ್ಕೆಲ್ಲ ಈ ನಾರು ಬಾಳಲ್ಲ, ಕೊಳೆಯುತ್ತೆ. ಮೇವು ಕಟ್ಟೋಕೆ, ಚಪ್ಪರಕ್ಕೆ ಚೆನ್ನ.

ಹಳೇಕ್ರಮ

ಇಷ್ಟು ಹೆರೆಯೋ ಕಷ್ಟ ಯಾಕೆ? ನೀರಲ್ಲಿ ಕೊಳೆಹಾಕಿದರೆ ತಾನೇ ಬಿಡುತ್ತಲ್ಲ.

ನಾರುನೂಲು

ಬಿಡುತ್ತೆ, ಎರಡು ಮೂರು ವಾರ ಬೇಕು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ತೊಂದರೆ ಏನಂದರೆ ಎಲೆಯ ತುದಿ ತೆಳು, ಬುಡ ದಪ್ಪ. ಬುಡದ ತಿರುಳು ಕರಗುವ ಹೊತ್ತಿಗೆ ತುದಿಯ ನಾರು ಮಿತಿಮೀರಿ ಕೊಳೆತು ಎಳೆದರೆ ಕಿತ್ತುಬರುತ್ತೆ. ಕೊಳೆಹಾಕಲೇಬೇಕು ಅಂದರೆ ಬುಡದ ಭಾಗವನ್ನು ಮೊದಲೇ ಜಜ್ಜಿ, ಕಲ್ಲು ಹೇರಿ ಪೂರ್ತಿ ಮುಳುಗಿಸಿ, ಹತ್ತನೇ ದಿನದಿಂದ ದಿನಾ ಬುಡದ ಕಡೆಯ ಒಂದೆಳೆ ಎಳೆದು ನೋಡಿ. ತಿರುಳು ಬಿಟ್ಟು ಬಂದ ದಿನವೇ ಎತ್ತಬೇಕು. ಬಣ್ಣ ಮಾತ್ರ ಹೆರೆದ ನಾರಿನಷ್ಟು ಬರಲ್ಲ.

ಊರ ಕೆರೆ, ಗೋಕಟ್ಟೆಯಲ್ಲಿ ಹಾಕೋದು ತಪ್ಪು. ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತೆ, ಸಪೋನಿನ್ ಮೀನಿನ ಕಿವಿರಿಗೆ ಹೊಡೆಯುತ್ತೆ. ಪ್ರತ್ಯೇಕ ಗುಂಡಿ ತೋಡಿ ಟಾರ್ಪಾಲು ಹಾಕಿ. ದನ ಆ ನೀರು ಕುಡಿಯದಂತೆ ಬೇಲಿ ಬೇಕು.

ಎಲೆಗುರುತು

ನಾರಿನ ಮಾತು ಬಂದದ್ದರಿಂದ ಜಾತಿಗಳ ವ್ಯತ್ಯಾಸ ಹೇಳಿಬಿಡುತ್ತೇನೆ, ನಮ್ಮಲ್ಲಿ ಮೂರನ್ನೂ ಕತ್ತಾಳೆ ಎಂದೇ ಕರೆಯುತ್ತಾರೆ. ಭೂತಾಳೆಯ ಎಲೆ ಬೂದುನೀಲಿ, ಅಗಲ, ಅಂಚಿಗೆ ಮುಳ್ಳು. ಸೈಸಲ್ ಕತ್ತಾಳೆಯದು ಕಡುಹಸಿರು, ಕತ್ತಿಯಂತೆ ನೆಟ್ಟಗೆ, ಬಲಿತ ಎಲೆಯಲ್ಲಿ ಅಂಚುಮುಳ್ಳು ಇರುವುದಿಲ್ಲ, ತುದಿಮುಳ್ಳು ಮಾತ್ರ. ಮೂರನೆಯದು ಮಾರಿಷಸ್ ಕತ್ತಾಳೆ, ಫರ್ಕ್ರೇಯಾ. ಹಸಿರು ಎಲೆ ಮೆದುವಾಗಿ ಬಾಗುತ್ತದೆ, ಕೊಯ್ದರೆ ಕೆಟ್ಟ ವಾಸನೆ, ಹೂಗಳು ಮಾಸಲು ಬಿಳಿ, ಜೋತಾಡುತ್ತವೆ.

ಬೇಲಿ ಮಾಡುವವರಿಗೆ ಇದರಿಂದ ಒಂದು ಉಪಯೋಗ. ಸೈಸಲ್ ಮತ್ತು ಫರ್ಕ್ರೇಯಾ ದಂಡಿನ ಮೇಲೆ ಹೂ ಉದುರಿದ ಜಾಗದಲ್ಲೇ ಪುಟ್ಟ ಮರಿಗಿಡಗಳು ಹುಟ್ಟುತ್ತವೆ, ನೂರಾರು. ಅವು ಉದುರಿದಲ್ಲಿ ಬೇರುಬಿಡುತ್ತವೆ. ಸೈಸಲ್‌ಗೆ ಬೀಜ ಕಟ್ಟುವುದು ತೀರ ಅಪರೂಪ, ಅದರ ವರ್ಣತಂತುಗಳ ಗುಂಪು ಐದು, ಸಮವಾಗಿ ಹಂಚಿಕೊಳ್ಳಲಾರದು. ಭೂತಾಳೆ ಹೆಚ್ಚಾಗಿ ಹಬ್ಬುವುದು ಬುಡದ ಮರಿಗಳಿಂದ. ಕಾಯಿ ಕಟ್ಟಿದರೆ ಅದರಲ್ಲಿ ಮೂರು ಕೋಣೆ, ಚಪ್ಪಟೆ ಬೀಜ. ಕಪ್ಪು ಬೀಜ ಮೊಳೆಯುತ್ತದೆ, ಬಿಳಿಯದು ಜೊಳ್ಳು.

ಬೇಲಿಸಾಲು

ಮರಿ ಕೀಳುವ ಬಗ್ಗೆ. ಒಂದು ಗೇಣಿಗಿಂತ ದೊಡ್ಡದಾದ, ತನ್ನದೇ ಬೇರು ಬಿಟ್ಟ ಮರಿಗಳನ್ನೇ ಆರಿಸಿ. ಸುತ್ತ ಮಣ್ಣು ಬಿಡಿಸಿದರೆ ತಾಯಿಗೂ ಮರಿಗೂ ನಡುವೆ ಬಿಳಿ ಬೇರುಗಡ್ಡೆ ಕಾಣುತ್ತೆ, ಅದನ್ನು ಚೂಪಾದ ಸನಿಕೆಯಿಂದ ಒಂದೇ ಏಟಿಗೆ ಕಡಿಯಿರಿ. ಎಳೆದು ಕಿತ್ತರೆ ಬುಡ ಸೀಳುತ್ತೆ.

ಎಲ್ಲರೂ ಕೆಡಿಸಿಕೊಳ್ಳೋದು ಮುಂದಿನ ಹಂತದಲ್ಲಿ. ಕಿತ್ತ ಕೂಡಲೇ ನೆಟ್ಟು ನೀರು ಹಾಕ್ತಾರೆ. ಹಸಿ ಗಾಯದಿಂದ ಕೊಳೆ ಒಳಗೆ ಹೋಗಿ ಹದಿನೈದು ದಿನದಲ್ಲಿ ನಡು ಎಲೆ ಹಿಡಿದೆಳೆದರೆ ಕೈಗೆ ಬರುತ್ತೆ. ನೆರಳಲ್ಲಿ ಐದಾರು ದಿನ ಬಿಡಿ, ಗಾಯ ಒಣಗಿ ಗಟ್ಟಿಯಾಗಲಿ. ಗಿಡಕ್ಕೆ ಏನೂ ಆಗಲ್ಲ. ನೆಡುವಾಗ ಬುಡದ ಬಿಳಿ ಭಾಗ ಮಾತ್ರ ಮಣ್ಣಿಗೆ ಹೋಗಬೇಕು, ಎಲೆಸಂದಿಗೆ ಮಣ್ಣು ತುಂಬಬಾರದು. ಮೊದಲ ವಾರ ನೀರು ಬೇಡ. ಮುಂಗಾರು ಕೂತ ಮೇಲೆ ನೆಟ್ಟರೆ ಆಮೇಲೂ ಬೇಡ.

ಕೆಂಪುಮಣ್ಣು ಅವರದು ಹೆಸರೇ ಹೇಳುವಂಥ ನೆಲ, ಚಿಂತೆ ಇಲ್ಲ. ಎರೆಮಣ್ಣಿನವರು ಮಾತ್ರ ಒಂದಡಿ ದಿಬ್ಬ ಏರಿಸಿ ಜಲ್ಲಿ ಬೆರೆಸಿ ನೆಡಬೇಕು, ಮಳೆಗಾಲದಲ್ಲಿ ನಿಂತ ನೀರು ಈ ಗಿಡವನ್ನು ಬರಕ್ಕಿಂತ ಬೇಗ ಕೊಲ್ಲುತ್ತೆ. ಅಂತರ ನಾಲ್ಕರಿಂದ ಐದಡಿ. ಇನ್ನೂ ಹತ್ತಿರ ಹಾಕಿದರೆ ಬೇಲಿ ಬೇಗ ಕೂಡುತ್ತೆ, ಆದರೆ ನಡುವೆ ಕೈ ಹಾಕಿ ಒಣ ಎಲೆ ತೆಗೆಯೋಕೆ ಆಗಲ್ಲ, ಇಲಿ ಹೆಗ್ಗಣ ಸೇರಿ, ಅವುಗಳ ಹಿಂದೆ ಹಾವು. ಬದುವಿನ ನೆತ್ತಿ ಮೇಲೆ ನೆಡಿ, ಹೊಲದ ಕಡೆಯ ಇಳಿಜಾರಿನಲ್ಲಿ ಬೇಡ. ಮರಿಗಳು ಉಳುವ ನೆಲಕ್ಕೆ ಇಳಿದರೆ ವರ್ಷ ವರ್ಷ ಕೀಳೋದೇ ಕೆಲಸ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಮೆಡಿಟರೇನಿಯನ್ ಕರಾವಳಿಗಳಲ್ಲಿ ಇದು ಕಳೆಯಾಗಿ ಹಬ್ಬಿರೋದು ಸುಮ್ಮನೆ ಅಲ್ಲ.

ಮಗೇ_ಮಾಹಿತಿ

ಸಿಹಿನೀರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಿಜ, ಆದರೆ ನಿಮ್ಮ ಗಿಡದ ಸಮಯ ಮೀರಿದೆ.

ಮೆಕ್ಸಿಕೋದಲ್ಲಿ ಈ ಗಿಡಗಳಿಗೆ ಮಗೇ ಅನ್ನುತ್ತಾರೆ. ಇದಾಲ್ಗೋ, ತ್ಲಾಸ್ಕಾಲಾ ರಾಜ್ಯಗಳ ಎತ್ತರದ ಒಣನೆಲದಲ್ಲಿ ಮುಖ್ಯವಾಗಿ ಅಗಾವೆ ಸಾಲ್ಮಿಯಾನಾ, ಜೊತೆಗೆ ಅಮೆರಿಕಾನಾ ಕೂಡ ಈ ಕೆಲಸಕ್ಕೆ ಬಳಕೆ. ಅವರು ಕಾಯುವುದು ದಂಡು ಏಳುವುದಕ್ಕಲ್ಲ, ಏಳುವ ಸೂಚನೆಗೆ. ನಡುವಿನ ಎಲೆಸುರುಳಿ ತೆಳುವಾಗುತ್ತ, ಹೊಸ ಎಲೆಗಳು ಗಿಡ್ಡವಾಗುತ್ತ ಬಂದಾಗ ಗಿಡ ತಯಾರು ಎಂದು ತಿಳಿದು, ದಂಡಿನ ಮೊಗ್ಗನ್ನು ಒಳಗಿದ್ದಾಗಲೇ ಕೊರೆದು ತೆಗೆಯುತ್ತಾರೆ. ಆಮೇಲೆ ಕೆಲವು ತಿಂಗಳು ಹಾಗೇ ಬಿಡುತ್ತಾರೆ, ಗಂಟು ಬುಡದಲ್ಲೇ ಕೂಡಿಕೊಳ್ಳಲಿ ಎಂದು. ನಂತರ ನಡುವೆ ಬಟ್ಟಲಿನಂಥ ಗುಳಿ ತೋಡಿದರೆ ಗೋಡೆಗಳಿಂದ ರಸ ಒಸರಿ ತುಂಬುತ್ತದೆ. ಅದೇ ಅಗ್ವಮಿಯೆಲ್. ದಿನಕ್ಕೆ ಎರಡು ಸಲ ತೆಗೆಯಬೇಕು, ಪ್ರತಿ ಸಲ ಗುಳಿಯ ಗೋಡೆಯನ್ನು ತೆಳುವಾಗಿ ಹೆರೆಯಬೇಕು. ಹೆರೆಯದಿದ್ದರೆ ಗಾಯ ಮುಚ್ಚಿಕೊಂಡು ಒಸರು ನಿಲ್ಲುತ್ತದೆ. ಒಳ್ಳೆಯ ಗಿಡ ದಿನಕ್ಕೆ 3ರಿಂದ 6 ಲೀಟರ್, ಮೂರರಿಂದ ಆರು ತಿಂಗಳು ಕೊಟ್ಟು ಬುಡ ಟೊಳ್ಳಾಗಿ ಸಾಯುತ್ತದೆ. ಸಾಂಪ್ರದಾಯಿಕವಾಗಿ ಉದ್ದ ಸೋರೆಬುರುಡೆಯ ಎರಡೂ ತುದಿಗೆ ತೂತು ಮಾಡಿ, ಒಂದು ತುದಿ ಗುಳಿಗಿಟ್ಟು ಇನ್ನೊಂದರಿಂದ ಬಾಯಲ್ಲಿ ಎಳೆದು ತುಂಬಿಸಿಕೊಳ್ಳುತ್ತಿದ್ದರು.

ಹತ್ತಡಿ ದಂಡು ಎದ್ದ ಗಿಡದಲ್ಲಿ ಆ ಸಕ್ಕರೆ ದಂಡಿಗೇ ಹೋಗಿಯಾಗಿದೆ. ಈಗ ಬುಡ ಕೊರೆದರೆ ಉರಿಯುವ ರಸವೇ ಹೊರತು ಅಗ್ವಮಿಯೆಲ್ ಸಿಗುವುದಿಲ್ಲ.

ಸಾಲಿನ ಮುಂದಿನ ಗಿಡದಲ್ಲಿ ಪ್ರಯತ್ನಿಸುವ ಯೋಚನೆ ಬಂದರೆ ಇದನ್ನೂ ತಿಳಿದಿರಿ: ತಾಜಾ ರಸ ಗಂಟೆಗಳಲ್ಲೇ ಹುಳಿಯಲು ಶುರುವಾಗುತ್ತದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಯೀಸ್ಟ್, ಜೈಮೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಒಟ್ಟಿಗೆ ಕೆಲಸ ಮಾಡಿ ಲೋಳೆಯಾದ ಬಿಳಿ ಪುಲ್ಕೆ ಆಗುತ್ತದೆ, ಹೆಚ್ಚುಕಡಿಮೆ ಬಿಯರ್‌ನಷ್ಟು ಮದ್ಯಾಂಶ. ಕರ್ನಾಟಕ ಅಬಕಾರಿ ಕಾಯಿದೆ 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಗಿಡ ಯಾವುದಾದರೂ ಅಷ್ಟೇ.

ಟಕೀಲಾ ಬೇರೆ ವಿಷಯ. ಅದು ಅಗಾವೆ ಟಕಿಲಾನಾ ಎಂಬ ಬೇರೆ ಜಾತಿಯದು, ರಸ ಇಳಿಸುವುದಿಲ್ಲ. ಎಲೆ ಸವರಿ ಬುಡವನ್ನೇ ಬೇಯಿಸುತ್ತಾರೆ, ಬೆಂದಾಗ ಫ್ರಕ್ಟಾನ್ ಒಡೆದು ಸಿಹಿಯಾಗುತ್ತದೆ.

ಹೊಸಬ77

ಲೋಳೆಸರದ ಥರ ಇದರ ತಿರುಳನ್ನೂ ಮುಖಕ್ಕೆ ಹಚ್ಚಬಹುದು, ಜ್ಯೂಸ್ ಮಾಡಬಹುದು ಅಂತ ವಿಡಿಯೋ ಓಡಾಡ್ತಿದೆ.

ಚರ್ಮದ_ಮಾತು

ಎರಡೂ ಬೇಡ. ಮೇಲೆ ಹೇಳಿದ ಸೂಜಿ ಹರಳುಗಳು ಹೋಗುವುದು ಬಾಯಿ, ಗಂಟಲಿಗೆ. ಗುರುತು ಸುಲಭ: ಎಲೆ ಅಡ್ಡ ಮುರಿದು ನಿಧಾನ ಎಳೆಯಿರಿ. ನಡುವೆ ಗಟ್ಟಿ ನಾರು ಎಳೆಯೆಳೆಯಾಗಿ ಹಿಡಿದುಕೊಂಡರೆ ಭೂತಾಳೆ. ಲೋಳೆಸರ ತಟಕ್ಕನೆ ಮುರಿದು ಒಳಗೆ ಗಾಜಿನಂಥ ಲೋಳೆ ಕಾಣುತ್ತದೆ. ಇನ್ನೊಂದು, ಭೂತಾಳೆಯ ಎಲೆಯ ಮೇಲೆ ಪಕ್ಕದ ಎಲೆಯ ಮುಳ್ಳಂಚಿನ ಅಚ್ಚು ಮೂಡಿರುತ್ತದೆ. ಸುರುಳಿಯಲ್ಲಿ ಒತ್ತಿಕೊಂಡು ಬೆಳೆದ ಗುರುತು ಅದು, ಎಲೆ ಬಿಚ್ಚಿಕೊಂಡ ಮೇಲೂ ಅಳಿಸುವುದಿಲ್ಲ.

ಜೇನ್ಗೂಡು

ಎಲ್ಲರೂ ಕಡಿಯಿರಿ ಅಂತಿದ್ದೀರಿ. ತಂತಿಯಿಂದ ದೂರ ಇರುವ ಗಿಡಗಳನ್ನಾದರೂ ಬಿಡಿ ಮಾರಾಯ್ರೆ. ಹಳದಿ ಹೂಗೊಂಚಲು ಕೆಳಗಿನ ಕವಲಿನಿಂದ ಮೇಲಕ್ಕೆ ಸರದಿಯಲ್ಲಿ ಅರಳುತ್ತೆ, ಹಾಗಾಗಿ ಮಕರಂದ ವಾರಗಟ್ಟಲೆ ಸಿಗುತ್ತೆ. ಮೆಕ್ಸಿಕೋದಲ್ಲಿ ಇದಕ್ಕೆ ಬಾವಲಿಗಳೇ ಬರುತ್ತವೆ, ನಮ್ಮಲ್ಲಿ ಜೇನು ಮುತ್ತುತ್ತೆ. ಬೇಸಿಗೆಯ ಬರಗಾಲದಲ್ಲಿ ಅಷ್ಟು ಮಕರಂದ ಬೇರೆಲ್ಲಿ?

ಗರಗಸ_ಗುದ್ದಲಿ

ಒಪ್ಪಿದೆ. ಬಿಟ್ಟ ದಂಡು ಒಣಗಿದ ಮೇಲೂ ಕೆಲಸಕ್ಕೆ ಬರುತ್ತೆ. ತೂಕ ಹಗುರ, ಉದ್ದ ನೆಟ್ಟಗೆ, ಹೊರಚಿಪ್ಪು ಗಟ್ಟಿ, ಒಳಗೆ ಬೆಂಡು. ಕುರಿಹಟ್ಟಿಯ ಮಾಡಿಗೆ, ಬಳ್ಳಿ ಚಪ್ಪರಕ್ಕೆ ಸಾಕು. ನೆಲದಲ್ಲಿ ಹೂಳಬೇಡಿ, ಗೆದ್ದಲು ಬೆಂಡನ್ನು ಒಂದು ಮಳೆಗಾಲದಲ್ಲಿ ಮುಗಿಸುತ್ತೆ. ಪೂರ್ತಿ ಒಣಗಿ ಕಂದಾದ ಮೇಲೆ ಕಡಿಯಿರಿ. ಅರೆಹಸಿ ದಂಡು ಒಣಗುವಾಗ ಸೊಟ್ಟಗಾಗುತ್ತೆ.

ನಾರುನೂಲು

ಮಕ್ಕಳಿಗೆ ತೋರಿಸೋಕೆ ಒಂದು: ತುದಿಮುಳ್ಳಿನ ಬುಡದ ಸುತ್ತ ಸಿಪ್ಪೆಯನ್ನು ಮಾತ್ರ ಕೊಯ್ದು, ಮುಳ್ಳನ್ನು ಮೆಲ್ಲಗೆ ಹಿಂದಕ್ಕೆ ಮಡಚಿ ಎಲೆಯುದ್ದಕ್ಕೂ ಎಳೆದರೆ ಅದಕ್ಕಂಟಿದ ನಾರುಗಳೂ ಜೊತೆಗೇ ಬರುತ್ತವೆ. ತಿರುಳು ಹೆರೆದು, ನಾರು ಹೊಸೆದು ಒಣಗಿಸಿದರೆ ದಾರ ಸಮೇತ ಸೂಜಿ. ಮೆಕ್ಸಿಕೋದ ಹಳಬರು ಹೀಗೇ ಹೊಲಿಯುತ್ತಿದ್ದರು. ಗೋಣಿಚೀಲದ ಬಾಯಿ ಹೊಲಿಯೋಕೆ ಧಾರಾಳ ಸಾಕು. ಮುಳ್ಳಿಗೆ ತೀರ ಹತ್ತಿರ ಆಳವಾಗಿ ಕೊಯ್ದರೆ ನಾರಿನ ಕೊಂಡಿ ಕಡಿದುಹೋಗುತ್ತೆ, ಅಲ್ಲೇ ಎಲ್ಲರೂ ಎಡವೋದು.

ಕೆಂಪುಮಣ್ಣು

ಎಲ್ಲರಿಗೂ ಧನ್ಯವಾದ. ಲೈನ್ ಆಫ್ ಮಾಡಿಸಿ ಈ ಒಂದನ್ನು ಇಳಿಸಿ, ಉಳಿದವನ್ನು ಬಿಡುವುದು ಅಂತ ತೀರ್ಮಾನ. ಕೊನೆಯದೊಂದು: ಎಲೆ, ದಂಡು ತೆಗೆದ ಮೇಲೆ ಉಳಿಯುವ ಬುಡ ಏನು ಮಾಡಲಿ? ಬೆಂಕಿ ಹಚ್ಚಿದರೆ?

ಬೇಲಿಸಾಲು

ಹಸಿ ಬುಡಕ್ಕೆ ಬೆಂಕಿ ಹತ್ತಲ್ಲ, ಸುತ್ತಲಿನ ಒಣ ಎಲೆ ಉರಿದು ಬದುವಿನ ಹುಲ್ಲಿಗೆ ಹಬ್ಬುತ್ತೆ. ಅವಸರ ಇಲ್ಲದಿದ್ದರೆ ಹಾಗೇ ಬಿಡಿ, ತಾನೇ ಒಣಗಿ ಬೆಂಡಾಗುತ್ತೆ, ಆಮೇಲೆ ಗುದ್ದಲಿಗೇ ಬರುತ್ತೆ. ಈಗಲೇ ಬೇಕು ಅಂದರೆ ಬುಡದ ಸುತ್ತ ಒಂದೂವರೆ ಅಡಿ ಆಚೆಯಿಂದ ಕಾಲುವೆ ತೋಡಿ. ಬೇರು ಆಳಕ್ಕೆ ಹೋಗಲ್ಲ, ಅಗಲಕ್ಕೆ ಹರಡಿರುತ್ತೆ. ಬೇರು ಕಡಿದು ಹಾರೆ ಮೀಟಿದರೆ ಒಂದು ಬದಿಗೆ ವಾಲುತ್ತೆ. ಹೆಬ್ಬೆರಳು ದಪ್ಪದ ಬೇರುಗಡ್ಡೆ ಮಣ್ಣಲ್ಲಿ ಉಳಿದರೆ ಮತ್ತೆ ಮರಿ ಏಳುತ್ತೆ, ಆದ್ದರಿಂದ ಮುಂದಿನ ಮಳೆಗಾಲ ಮುಗಿಯುವವರೆಗೆ ಆ ಜಾಗದ ಮೇಲೆ ಕಣ್ಣಿರಲಿ.

ಕಿತ್ತ ಬುಡವನ್ನು ಬೇರು ಆಕಾಶ ನೋಡುವ ಹಾಗೆ ತಲೆಕೆಳಗಾಗಿ ಬಂಡೆ ಮೇಲೆ ಹಾಕಿ. ಮಣ್ಣಿಗೆ ತಾಗಿ ಬಿದ್ದಿದ್ದರೆ ತಿಂಗಳುಗಟ್ಟಲೆ ಒಳಗಿನ ನೀರಲ್ಲೇ ಜೀವ ಹಿಡಿದು, ಪಕ್ಕದ ಮೊಗ್ಗುಗಳಿಂದ ಮರಿ ಬಿಡುತ್ತೆ.